ಹೊಸ್ತಿಲ ಮೇಲಿನ ಗಾಳಿ

ಸಿಟ್ಟು ಒಳ್ಳೆಯದಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದಿಲ್ಲ. ಸಿಟ್ಟೊಂದು ಇರದಿದ್ದರೆ ಆ ಎರಡು ಚಳಿಗಾಲ ನಾನು ಆಳಂದದಲ್ಲಿ ತಲೆಯೆತ್ತಿ ತಿರುಗುತ್ತಲೇ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಪೈಪು ಫಿಟ್ಟಿಂಗಿನ ಅಂಗಡಿಯಿತ್ತು, ಅದರ ಎದುರು ಚಹಾದ ಹೋಟೆಲು. ಹೋಟೆಲಿನ ಬೆಂಚಿನ ಮೇಲೆ ಕೂತರೆ ಊರಿನ ದೊಡ್ಡ ಸಾಹುಕಾರನ ವಾಡೆಯ ಹಿತ್ತಲು ಕಾಣುತ್ತಿತ್ತು. ದಿನಾ ಬೆಳಿಗ್ಗೆ ಆ ಹಿತ್ತಲಿನಿಂದ ಏಳುವ ಹೊಗೆ ನೋಡುತ್ತ ಚಹಾ ಕುಡಿಯುತ್ತಿದ್ದೆ. ಹೊಗೆ ದಟ್ಟವಾದಷ್ಟೂ ನನಗೆ ಚಹಾ ರುಚಿ. ಅಷ್ಟೊಂದು ಕಟ್ಟಿಗೆ ಸುಟ್ಟರೂ ಆ ಮನೆಯ ಕೊನೆಯ ಕೋಣೆ ತಣ್ಣಗೇ ಇದೆ ಎಂದು ನನಗೆ ಗೊತ್ತಿತ್ತು. ಯಾಕೆ ತಣ್ಣಗಿದೆ ಎಂಬುದೂ ಗೊತ್ತಿತ್ತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಹುಡುಕಿದರೂ ಅದು ಗೊತ್ತಿದ್ದವನು ನಾನೊಬ್ಬನೇ, ಮತ್ತು ನಾನು ಬಾಯಿ ಬಿಡುವವನಾಗಿರಲಿಲ್ಲ.

ಎದುರಿಗೆ ಅವನನ್ನು ‘ಸಾವ್ಕಾರ್ರ’ ಎಂದೇ ಕರೆಯುತ್ತಿದ್ದೆ, ಮಾತಿಗೊಮ್ಮೆ ರೀ ಹಚ್ಚುತ್ತಿದ್ದೆ. ಇಲ್ಲಿ ಬರೆಯುವಾಗ ಏಕವಚನದಲ್ಲೇ ಬರೆಯುತ್ತೇನೆ. ಇಷ್ಟಾದರೂ ನನ್ನ ಕೈಯಲ್ಲಿರಲಿ.

ನಾನು ನರೋಣಾದವನು. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ಒಂದು ಗಿರಣಿಗೆ ಹೋಗಿ ಫಿಟ್ಟರ್ ಕೆಲಸ ಕಲಿತೆ. ಅಲ್ಲಿ ಬಣ್ಣ ಹಾಕಿದ ನೂಲು ಒಣಗಿಸುವ ಉದ್ದನೆಯ ಕೋಣೆಯಿತ್ತು. ಗೋಡೆಯ ಬುಡದಲ್ಲಿ ಸುತ್ತಲೂ ಪೈಪು, ಪೈಪಿನೊಳಗೆ ಬಿಸಿನೀರು. ಮಳೆಗಾಲದಲ್ಲೂ ಅಂಗಿ ಬಿಚ್ಚಿಯೇ ಕೆಲಸ ಮಾಡಬೇಕು, ಅಷ್ಟು ಸೆಕೆ. ಯಾವುದಾದರೂ ಮೂಲೆ ತಣ್ಣಗಾದರೆ ಮುಕಾದಮ ನನ್ನನ್ನೇ ಕಳಿಸುತ್ತಿದ್ದ. ನಾನು ಪೈಪಿನ ಮೇಲೆ ಅಂಗೈ ಆಡಿಸುತ್ತ ನಡೆಯುತ್ತಿದ್ದೆ. ಬಿಸಿ ಎಲ್ಲಿ ಮುಗಿದು ತಂಪು ಎಲ್ಲಿ ಶುರುವಾಗುತ್ತದೋ ಅಲ್ಲೇ ರೋಗ. ಬಹಳ ಸಲ ಆ ರೋಗ ಬೇರೇನೂ ಅಲ್ಲ, ಗಾಳಿ. ನೀರಿನ ಜೊತೆ ಒಳಗೆ ಬಂದ ಗಾಳಿ ಪೈಪು ಎಲ್ಲಿ ಎತ್ತರಕ್ಕೆ ಏರಿದೆಯೋ ಅಲ್ಲಿ ಹೋಗಿ ಕೂತುಬಿಡುತ್ತದೆ, ನೀರನ್ನು ದಾಟಲು ಬಿಡುವುದಿಲ್ಲ. ಅದಕ್ಕೆ ಹೊರಗೆ ಹೋಗಲು ಸಣ್ಣದೊಂದು ದಾರಿ ಮಾಡಿಕೊಟ್ಟರೆ ಸಾಕು, ನೀರು ಮತ್ತೆ ತಿರುಗುತ್ತದೆ. ಕೆಲವು ವರ್ಷಗಳ ಮೇಲೆ ಗಿರಣಿಯ ಕೆಲಸ ಬಿಟ್ಟು ವಾಪಸು ಬಂದೆ. ಆಳಂದದಲ್ಲಿ ಅಂಗಡಿ ಹಾಕಿದೆ.

ಸಾಹುಕಾರನದು ತೊಗರಿ ಬೇಳೆಯ ಮಿಲ್ಲು. ಊರಲ್ಲಿ ಅವನ ಮಾತಿಗೆ ಬೆಲೆ. ಕಲ್ಲಿನ ವಾಡೆ, ಮೂರು ಮೊಳ ದಪ್ಪದ ಗೋಡೆಗಳು. ಬೇಸಿಗೆಯಲ್ಲಿ ಎಷ್ಟು ತಂಪೋ, ಪುಷ್ಯ ಮಾಘದಲ್ಲಿ ಅಷ್ಟೇ ಕೊರೆಯುವ ಮನೆ. ಸಾಹುಕಾರನಿಗೆ ಮೊಳಕಾಲು ನೋವು. ಅವನು ಒಮ್ಮೆ ಕೇದಾರಕ್ಕೆ ಹೋಗಿ ಬರುವಾಗ ದಾರಿಯ ದೊಡ್ಡದೊಂದು ಹೋಟೆಲಿನಲ್ಲಿ ಗೋಡೆಯ ಬುಡಕ್ಕೆ ಬಿಸಿನೀರಿನ ಪೈಪು ಹಾಕಿದ್ದನ್ನು ನೋಡಿ ಬಂದಿದ್ದ. ಬಂದವನೇ ನನ್ನನ್ನು ಕರೆಸಿದ.

“ನಮ್ಮ ವಾಡೇದಾಗ ಹಾಂಗ ಮಾಡಾಕ ಬರ್ತದೇನಲೇ ನಿನಗ?”

“ಬರ್ತದ್ರಿ. ಸೊಲ್ಲಾಪುರದಾಗ ಅದೇ ಕೆಲಸ ಮಾಡೇನ್ರಿ.”

ಆಗ ನನಗೆ ಎದೆ ಉಬ್ಬಿತ್ತು. ಹಿತ್ತಲಲ್ಲಿ ತಗ್ಗು ತೋಡಿಸಿ, ಅದರಲ್ಲಿ ನೀರು ಕಾಯಿಸುವ ದೊಡ್ಡ ಬಂಬ ಕೂಡಿಸಿದೆ. ಕೆಳಗೆ ತೊಗರಿ ಕಟ್ಟಿಗೆಯ ಉರಿ. ಮಾಳಿಗೆಯ ಮೇಲೆ ನೀರು ತುಂಬುವ ಒಂದು ತಗಡಿನ ಟಾಕಿ. ಕಾದ ನೀರು ಹಗುರ, ತಾನಾಗಿಯೇ ಮೇಲೇರಿ ಪೈಪು ಹಿಡಿದು ಹೋಗುತ್ತದೆ. ಕೋಣೆಗೆ ಬಿಸಿ ಕೊಟ್ಟು ಆರಿದ ನೀರು ಹಿಂದಿನ ಗೋಡೆಯ ತೂತಿನಿಂದ ಹೊರಗೆ ಬಂದು, ಇಳಿಜಾರಿನಲ್ಲಿ ಬಂಬಕ್ಕೆ ವಾಪಸು ಸೇರುತ್ತದೆ. ಮೋಟಾರು ಬೇಡ, ಕರೆಂಟು ಬೇಡ. ಅಡುಗೆಮನೆಯ ಪಕ್ಕದಲ್ಲಿ ಸಾಹುಕಾರನ ತಾಯಿಯ ಚಿಕ್ಕ ಕೋಣೆಯಿತ್ತು. ಅದಕ್ಕೂ ಒಂದು ಪುಟ್ಟ ಕವಲು ಕೊಟ್ಟೆ, ಅದರ ನೀರು ಅಲ್ಲಿಂದಲೇ ಬಂಬಕ್ಕೆ ಮರಳುತ್ತಿತ್ತು. ಸಾಹುಕಾರ ಮಲಗುವ ದೊಡ್ಡ ಕೋಣೆ ಮಾತ್ರ ಪಡಸಾಲೆ ದಾಟಿ ಕೊನೆಯಲ್ಲಿತ್ತು. ಪಡಸಾಲೆಯ ಬಾಗಿಲು ದಾಟದೆ ಪೈಪು ಅಲ್ಲಿಗೆ ಹೋಗುವಂತಿರಲಿಲ್ಲ.

ಅಲ್ಲೇ ಮೊದಲ ತಕರಾರು ಹುಟ್ಟಿದ್ದು.

“ಹೊಸ್ತಿಲದ ಬುಡಕ್ಕ ಒಂದು ಗೇಣು ತಗ್ಗು ಹೊಡೀತೇನ್ರಿ. ಪೈಪು ಅದರಾಗ ಹಾಸಿ ಮ್ಯಾಲ ಫರಸಿ ಕಲ್ಲ ಮುಚ್ಚತೇನಿ. ಕಾಣಿಸೂದೂ ಇಲ್ಲ” ಎಂದೆ.

“ಅಕ್ಕಲ್ ಅದನೋ ಇಲ್ಲೋ ನಿನಗ? ನಮ್ಮ ಮುತ್ಯಾ ಹೊಸ್ತಿಲಾ ಕೂಡ್ಸುವಾಗ ಬುಡಕ್ಕ ಪೂಜಿ ಮಾಡಿ ಬೆಳ್ಳಿ ಬಂಗಾರ ಇಟ್ಟಾನ. ಅದನ್ನ ಅಗಿತಿ? ಅದರ ಬುಡಕ್ಕ ನೀರ ಹರಸ್ತಿ?”

“ಹಂಗಾದ್ರ ಬಾಜೂ ಗ್ವಾಡಿಗೆ ತೂತ ಹೊಡೀತೇನ್ರಿ.”

“ಅದು ದೇವರ ಜಗಲಿ ಗ್ವಾಡಿ!”

ನಾನು ಅವನನ್ನು ನೋಡಿ ನಗಲಿಲ್ಲ. ನಮ್ಮ ಮನೆಯಲ್ಲೂ ದಿನಾ ಹೊಸ್ತಿಲಿಗೆ ನೀರು ಹಾಕಿ ವಿಭೂತಿ ಎಳೆದು ಕುಂಕುಮ ಹಚ್ಚುತ್ತಾರೆ. ಹೊಸ್ತಿಲನ್ನು ತುಳಿದರೆ ಈಗಲೂ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ. ಕೊನೆಗೆ ಅವನೇ ತೀರ್ಮಾನ ಕೊಟ್ಟ, “ಬಾಗಿಲದ ಮ್ಯಾಲಿಂದ ಒಯ್ಯಿ.” ಮೇಲೆ ಒಯ್ದರೆ ಅಲ್ಲಿ ಗಾಳಿ ನಿಲ್ಲುತ್ತದೆ ಎಂದು ಮೂರು ಸಲ ಹೇಳಿದೆ. “ಗಾಳಿ ಗೀಳಿ ನಿಂದು ನೀ ನೋಡ್ಕೋ” ಎಂದ. ನೋಡಿಕೊಂಡೆ. ಪೈಪನ್ನು ಬಾಗಿಲ ಚೌಕಟ್ಟಿನ ಒಂದು ಬದಿಯಿಂದ ಏರಿಸಿ, ತಲೆಯ ಮೇಲಿಂದ ದಾಟಿಸಿ, ಇನ್ನೊಂದು ಬದಿಗೆ ಇಳಿಸಿದೆ. ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಹೆಬ್ಬೆರಳಿನಷ್ಟು ಒಂದು ಹಿತ್ತಾಳೆಯ ಕಾಕ್ ಕೂಡಿಸಿದೆ. ಹದಿನೈದು ದಿನಕ್ಕೊಮ್ಮೆ ಅದನ್ನು ಸ್ವಲ್ಪ ತಿರುವಿದರೆ ಗಾಳಿ ಸುಸ್ಸೆಂದು ಹೋಗುತ್ತದೆ. ಗಾಳಿ ಮುಗಿದು ನೀರು ಬಂದಾಗ ಮುಚ್ಚಿಬಿಟ್ಟರಾಯಿತು. ಕೆಳಗೆ ಒಂದು ಚೊಂಬು ಹಿಡಿಯಬೇಕು, ಅಷ್ಟೇ.

ಕೆಲಸ ನಡೆದ ಆ ದಿನಗಳಲ್ಲಿ ಆ ಮನೆಯಲ್ಲಿ ನನ್ನನ್ನು ಮನುಷ್ಯನೆಂದು ನೋಡಿದವಳು ಸಾಹುಕಾರನ ತಾಯಿ ಒಬ್ಬಳೇ. ಎಪ್ಪತ್ತು ದಾಟಿದ ಮುದುಕಿ. ಮಧ್ಯಾಹ್ನ ನಾನು ಕೈತೊಳೆಯಲು ಹೋದರೆ ತಾನೇ ತಂಬಿಗೆ ತಂದು ನೀರು ಹಾಕುತ್ತಿದ್ದಳು. ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಕೂತು ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದಳು. ಚಳಿಗೆ ಅವು ಮುದುಡಿ ಮುಷ್ಟಿಯಾಗಿರುತ್ತಿದ್ದವು. ಅಂಗೈ ಬಿಚ್ಚಿದರೆ ತಾನೆ ಅದರ ಮೇಲೆ ಇಷ್ಟಲಿಂಗ ಇಟ್ಟು ಪೂಜೆ? ಪೂಜೆ ಆಗುವ ತನಕ ಆಕೆ ಬಾಯಿಗೆ ನೀರು ಹಾಕುವವಳಲ್ಲ.

“ತಮ್ಮಾ, ಬಿಸಿ ತಾಗಿದರ ಬೆರಳ ಬಿಚ್ಚತಾವಪ್ಪಾ. ಇಲ್ಲಂದ್ರ ಲಿಂಗಪ್ಪ ಎಲ್ಲಿ ಕೂಡಬೇಕು ಹೇಳು?” ಎಂದು ನಗುತ್ತಿದ್ದಳು.

ಮೊದಲ ದಿನ ಬಂಬ ಹೊತ್ತಿಸಿದಾಗ ಆಕೆಯ ಕೋಣೆಯ ಪೈಪು ಅರ್ಧ ತಾಸಿನಲ್ಲಿ ಬಿಸಿಯಾಯಿತು. ಆಕೆ ಮುಷ್ಟಿಯನ್ನು ಪೈಪಿನ ಮೇಲೆ ಇಟ್ಟಳು. ಸ್ವಲ್ಪ ಹೊತ್ತಿಗೆ ಐದೂ ಬೆರಳು ಬಿಚ್ಚಿ ನನ್ನ ಮುಂದೆ ಅಂಗೈ ಹಿಡಿದಳು. “ನಿನ್ನ ಹೊಟ್ಟಿ ತಣ್ಣಗಿರಲಿ” ಎಂದಳು. ನನಗೆ ಸಿಕ್ಕ ಸಂಬಳಕ್ಕಿಂತ ಆ ಮಾತು ಹೆಚ್ಚು ಹಿತವಾಗಿತ್ತು.

ಮುಂದಿನದಕ್ಕೆ ನನ್ನ ಮೆರೆದಾಟವೇ ಕಾರಣ. ಅದನ್ನು ಮುಚ್ಚಿಡುವುದಿಲ್ಲ. ಆ ವರ್ಷದ ಎಳ್ಳಮಾಸಿಯ ದಿನ. ನಮ್ಮ ಕಡೆ ಅಂದು ಮನೆಮಂದಿಯೆಲ್ಲ ಬುಟ್ಟಿಯಲ್ಲಿ ಬಜ್ಜಿ, ಕಡುಬು, ಸಜ್ಜೆ ರೊಟ್ಟಿ ತುಂಬಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ. ಸಾಹುಕಾರನ ಮನೆಗೆ ಬೀಗರು ಬಂದಿದ್ದರು, ನನ್ನನ್ನೂ ಕರೆದಿದ್ದರು. ಅವರಲ್ಲಿ ಜೇವರ್ಗಿಯವರೊಬ್ಬರು ವಿಜಯಪುರ ರಸ್ತೆಯಲ್ಲಿ ಲಾಡ್ಜು ಕಟ್ಟಿಸುತ್ತಿದ್ದರು. ಅದರ ಎಲ್ಲ ಕೋಣೆಗೂ ಬಿಸಿನೀರಿನ ಪೈಪು ಹಾಕುವ ಕೆಲಸ ನನಗೇ ಎಂದು ಮಾತಾಗಿತ್ತು. ಬೀಗರು ಬಾಗಿಲ ಮೇಲಿನ ಪೈಪು ತೋರಿಸಿ ಅದೇನೆಂದು ಕೇಳಿದರು. ನಾನು ಸುಮ್ಮನೆ ಬಾಯಲ್ಲಿ ಹೇಳಬಹುದಿತ್ತು. ಸ್ಟೂಲು ಹತ್ತಿ, “ನೋಡ್ರಿ ಹಿಂಗ” ಎಂದು ಕಾಕ್ ತಿರುವಿದೆ. ಚೊಂಬು ಹಿಡಿಯಲಿಲ್ಲ.

ಗಾಳಿ ಹೋಯಿತು. ಹಿಂದೆಯೇ ತುಕ್ಕು ಬೆರೆತ ಕೆಂಪು ನೀರು ಚಿಮ್ಮಿತು. ಸರಿಯಾಗಿ ಅದೇ ಹೊತ್ತಿಗೆ ಸಾಹುಕಾರ ಚರಗದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೊಸ್ತಿಲು ದಾಟುತ್ತಿದ್ದ. ಬುಟ್ಟಿಗೆ ಹೊದಿಸಿದ ಬಿಳಿ ಬಟ್ಟೆಯ ಮೇಲೆ, ಅವನ ಹೊಸ ಧೋತರದ ಮೇಲೆ, ಆಗಷ್ಟೇ ಪೂಜೆ ಮಾಡಿದ ಹೊಸ್ತಿಲ ಮೇಲೆ ಕೆಂಪು ನೀರು. ನೋಡಿದವರಿಗೆ ರಕ್ತ ಚೆಲ್ಲಿದಂತೆಯೇ ಕಂಡಿತು.

ತಪ್ಪು ನನ್ನದು, ಒಪ್ಪುತ್ತೇನೆ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಆದರೆ ಅವನು ಬೈದದ್ದು ತಪ್ಪಿಗಲ್ಲ. ನನ್ನ ಅಪ್ಪನನ್ನು ತಂದ, ನನ್ನ ಊರನ್ನು ತಂದ, ಕಳ್ಳತನ ಮಾಡಿದ್ದಕ್ಕೆ ಸೊಲ್ಲಾಪುರದಿಂದ ನನ್ನನ್ನು ಓಡಿಸಿದ್ದಾರೆ ಎಂದು ಬೀಗರ ಮುಂದೆ ಇಲ್ಲದ ಸುಳ್ಳು ಹೇಳಿದ. “ಇವನ ಕೈಯಾಗ ಗುಣಾನೇ ಇಲ್ರಿ. ಇಂಥವಗ ಯಾರೂ ಕೆಲಸಾ ಕೊಡಬ್ಯಾಡ್ರಿ” ಎಂದ. ಬೀಗರು ಹೌದೆಂದು ಗೋಣು ಹಾಕಿದರು. ನನ್ನ ಜೇವರ್ಗಿಯ ಕೆಲಸ ಅಲ್ಲಿಗೆ ಮುಗಿಯಿತು.

ಅಷ್ಟಕ್ಕೂ ಬಿಡಲಿಲ್ಲ. ಅಫಜಲಪುರದಿಂದ ಬೇರೊಬ್ಬ ಫಿಟ್ಟರನನ್ನು ಕರೆಸಿ ಆ ಕಾಕ್ ಬಿಚ್ಚಿಸಿ, ಆ ತೂತಿಗೆ ಪ್ಲಗ್ ಹೊಡೆಸಿದ. ಮರುದಿನ ಚಹಾದ ಹೋಟೆಲಿಗೆ ಬಂದು, ಹತ್ತು ಮಂದಿಯ ಮುಂದೆ ಕಾಕನ್ನು ನನ್ನ ಚಹಾದ ಬಸಿಯೊಳಗೆ ಒಗೆದ. ಚಹಾ ನನ್ನ ಮುಖಕ್ಕೆ ಸಿಡಿಯಿತು. “ತಗೋ ನಿನ್ನ ಕಾಕ್. ಕೊಳ್ಳಾಗ ಕಟ್ಟಿಕೊಂಡು ತಿರಗು.”

ಕಾಕ್ ಒರೆಸಿ ಕಿಸೆಗೆ ಹಾಕಿಕೊಂಡೆ. ಅವನು ಹೋದ ಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದೆ, “ಆ ಮನಶ್ಯಾ ತಾನ ನನ್ನ ಅಂಗಡಿ ಮೆಟ್ಟಲಾ ಹತ್ತಿ, ತಪ್ಪಾತು ಅನ್ನೂತನಕ ನಾ ಆ ಮನಿ ಪೈಪಿಗೆ ಪಾನಾ ಹಚ್ಚೂದಿಲ್ಲ. ಹಚ್ಚಿದರ ನಾ ನಮ್ಮಪ್ಪನ ಮಗ ಅಲ್ಲ.”

“ಖಸಮ್ ಗಿಸಮ್ ಯಾಕ್ರೀ ಭಾಯಿ, ಠಂಡಾ ಆಗ್ರಿ” ಎಂದು ಹೋಟೆಲಿನವನು ಇನ್ನೊಂದು ಚಹಾ ತಂದಿಟ್ಟ.

ನಾನು ತಣ್ಣಗಾಗಲಿಲ್ಲ. ಸಾಹುಕಾರನ ಕೋಣೆ ತಣ್ಣಗಾಯಿತು. ಎಂಟು ದಿನ ಸಾಕಾಯಿತು. ಬಾಗಿಲ ಮೇಲೆ ಗಾಳಿ ತುಂಬಿತು, ಹೋಗಲು ದಾರಿಯಿಲ್ಲ, ಬಿಸಿನೀರು ಬಾಗಿಲ ತನಕ ಬಂದು ಅಲ್ಲೇ ನಿಂತಿತು. ಹೋಟೆಲಿನ ಬೆಂಚಿನ ಮೇಲೆ ಸುದ್ದಿ ನನಗೆ ಬಿಸಿಬಿಸಿಯಾಗಿಯೇ ಸಿಗುತ್ತಿತ್ತು. ಸಾಹುಕಾರನ ಆಳುಗಳು ಅಲ್ಲೇ ಚಹಾ ಕುಡಿಯುತ್ತಿದ್ದರು. “ಬಂಬ ಕೊತಕೊತ ಕುದ್ಯಾಕತ್ತದ, ಆ ಕ್ವಾಣಿ ಪೈಪ ಮುಟ್ಟಿದರ ಹೆಣಾ ಮುಟ್ಟಿದಂಗ ಅದ. ಯಾಕಿರಬೇಕ್ರಿ?” ಎಂದು ಒಬ್ಬ ಕೇಳಿದ. ನಾನು ಮುಖ ಗಂಭೀರ ಮಾಡಿಕೊಂಡು, “ಉರಿ ಸಾಲವಲ್ದು. ಇನ್ನಷ್ಟು ಕಟಗಿ ಹಾಕಬೇಕು” ಎಂದೆ. ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಎರಡರಷ್ಟು ಹೊಗೆ. ಆ ದಿನ ಚಹಾದ ಜೊತೆ ಒಂದು ಪ್ಲೇಟು ಮಿರ್ಚಿ ಭಜಿಯನ್ನೂ ತಿಂದೆ.

ಅಫಜಲಪುರದವನು ಮತ್ತೆ ಬಂದ. ಅವನು ಬೋರಿನ ಪೈಪು ಇಳಿಸುವ ಕೆಲಸದವನು, ಬಿಸಿನೀರಿನ ಗುಣ ಅವನಿಗೆ ಗೊತ್ತಿಲ್ಲ. ಮೊದಲು ಬಂಬದಲ್ಲಿ ಕಸ ಕಟ್ಟಿದೆ ಎಂದು ಅದನ್ನು ಇಳಿಸಿ ತೊಳೆದ. ಆಮೇಲೆ ಪೈಪು ಸಣ್ಣದಾಯಿತು ಎಂದು ಕೋಣೆಯೊಳಗಿನದನ್ನಷ್ಟೇ ದಪ್ಪದ್ದು ಹಾಕಿದ. ಆಮೇಲೆ ಮಾಳಿಗೆಯ ಟಾಕಿಯನ್ನು ಇನ್ನೂ ಮೇಲೇರಿಸಿದ. ಪ್ರತಿ ಸಲ ನೀರು ಬಸಿದು ಹೊಸ ನೀರು ತುಂಬಿದಾಗಲೂ ಹೊಸ ನೀರಿನ ಜೊತೆ ಹೊಸ ಗಾಳಿ ಬಂದು ಅದೇ ಬಾಗಿಲ ಮೇಲೆ ಕೂರುತ್ತಿತ್ತು. ಕೊನೆಗೆ ಮೋಟಾರು ತಂದು ಕೂಡಿಸಿದ. ನೀರು ಎಲ್ಲಿ ಸುಲಭವಾಗಿ ದಾರಿ ಸಿಗುತ್ತದೋ ಅಲ್ಲಿಗೇ ಓಡುತ್ತದೆ. ಅಡುಗೆಮನೆ ಪಕ್ಕದ ಚಿಕ್ಕ ಕವಲಿನಲ್ಲಿ ಮೋಟಾರು ಅದನ್ನು ಗಿರಗಿರ ತಿರುಗಿಸುತ್ತಿತ್ತು, ಬಾಗಿಲು ದಾಟಿಸಲಿಲ್ಲ. ಚಿಕ್ಕ ಕೋಣೆ ಭಟ್ಟಿಯಾಯಿತು, ದೊಡ್ಡ ಕೋಣೆ ಹಾಗೇ ಉಳಿಯಿತು. ಇದೆಲ್ಲ ಕೇಳಿ ನಾನು ಒಬ್ಬನೇ ಕೂತು ನಗುತ್ತಿದ್ದೆ. ಪ್ಲಗ್ಗನ್ನು ಅರ್ಧ ಸುತ್ತು ಸಡಿಲಿಸಿದರೆ ಮುಗಿಯುವ ಕೆಲಸ.

ಚಳಿ ಜೋರಾದ ದಿನ ನನಗೆ ಹಬ್ಬ. ಎದ್ದೊಡನೆ ಹೊದಿಕೆಯೊಳಗೇ ನೆನೆಯುತ್ತಿದ್ದೆ, ಸಾಹುಕಾರ ಈಗ ಮೊಳಕಾಲು ಹಿಡಿದುಕೊಂಡು ಅಯ್ಯೋ ಅನ್ನುತ್ತಿರಬೇಕು. ಅನ್ನಲಿ. ಇನ್ನೂ ಅನ್ನಲಿ.

ಮೊದಲ ಚಳಿಗಾಲ ಮುಗಿಯುವ ಹೊತ್ತಿಗೆ ವಾಡೆಯ ಕೆಲಸದ ಹೆಂಗಸು ನನ್ನ ಅಂಗಡಿಯ ಮುಂದೆ ಬಂದು ನಿಂತಳು. “ವಾಡೇದಾಗ ಕರ್ಯಾಕತ್ತಾರ್ರಿ. ಜರಾ ಬಂದು ಪೈಪ ನೋಡಿ ಹೋಗಬೇಕಂತ್ರಿ.”

“ಬರೂದಿಲ್ಲ ಅಂತ ಹೇಳು.”

“ಸಾವ್ಕಾರ್ರು ಅಲ್ರಿ, ಅವರು…”

“ಯಾರರೇ ಇರಲಿ!” ನನ್ನ ಧ್ವನಿ ನನಗೇ ದೊಡ್ಡದೆನಿಸಿತು. “ನನಗ ಯಾರ ಹೆಸರೂ ಹೇಳಬ್ಯಾಡ. ಬಿಸಿ ಬೇಕಾದವರು ತಾವ ನನ್ನ ಅಂಗಡಿಗೆ ಬರಲಿ. ನಡ್ಯಾಕ ಆಗಲಿಲ್ಲಂದ್ರ ಗಾಡಿ ಕಟ್ಟಿಕೊಂಡು ಬರಲಿ.”

ಅವಳು ಹೋದಳು. ಮರುವರ್ಷ ಚಳಿ ಶುರುವಾಗುತ್ತಲೇ ಮತ್ತೊಮ್ಮೆ ಬಂದಳು. ಈ ಸಲ ಬಾಯಿ ತೆರೆಯಲೂ ಬಿಡಲಿಲ್ಲ, ಕೈಯಲ್ಲೇ ಹೋಗು ಎಂದು ಸನ್ನೆ ಮಾಡಿದೆ. ಸಾಹುಕಾರ ಸೋಲುತ್ತಿದ್ದಾನೆ ಎಂದು ನನಗೆ ಅನಿಸಿತು. ಇನ್ನೊಂದು ಚಳಿಗಾಲ, ಮೆಟ್ಟಿಲು ಹತ್ತಿಯೇ ಹತ್ತುತ್ತಾನೆ.

ಎರಡನೆಯ ವರ್ಷದ ಎಳ್ಳಮಾಸಿಗೆ ಎರಡು ದಿನ ಮುಂಚೆ ವಾಡೆಯಲ್ಲಿ ಶೇಂಗಾ ಹೋಳಿಗೆ ಮಾಡಲು ಓಣಿಯ ಹೆಂಗಸರನ್ನು ಕರೆದಿದ್ದರು. ನನ್ನ ಹೆಂಡತಿಯೂ ಹೋದಳು. ನಾನು ಬೇಡವೆಂದೆ. “ನಿಮ್ಮ ಸಿಟ್ಟು ನಿಮ್ಮಲ್ಲೇ ಇರಲಿ, ಓಣ್ಯಾಗ ನಾ ಮಾರಿ ತೋರಸಬೇಕು” ಎಂದು ಹೋದವಳು ಮಧ್ಯಾಹ್ನ ಬಂದು ಚೀಲ ಕೆಳಗಿಟ್ಟು ನನ್ನ ಮುಂದೆ ನಿಂತಳು. ಮುಖ ನೋಡಿದರೆ ಯಾರೋ ಹೊಡೆದಂತಿತ್ತು.

“ಆ ತಣ್ಣನ ಕ್ವಾಣ್ಯಾಗ ಯಾರ ಮಲಗ್ತಾರ, ಗೊತ್ತೇನು ನಿಮಗ?”

“ಯಾರ ಅಂದ್ರ? ಸಾವ್ಕಾರ.”

“ಯಾರ ಹೇಳಿದ್ರ? ಆ ಕ್ವಾಣಿ ತಣ್ಣಗಾದ ಮರುವಾರನ ಅವ ಅಡಗಿಮನಿ ಬಾಜೂ ಬಿಸಿ ಕ್ವಾಣಿ ತಾ ತಗೊಂಡಾನ. ತಾಯಿನ್ನ ಆ ಕಡಿ ಒಗದಾನ. ಎರಡ ಚಳಿಗಾಲ ಆತು.”

ಮತ್ತೆ ಅವಳೇ ಹೇಳಿದಳು, “ಅವ್ವಾರು ನನ್ನ ಗುರ್ತಾ ಹಿಡದ್ರು. ‘ನಿನ್ನ ಗಂಡಗ ಎರಡ ಸಲ ಹೇಳಿ ಕಳಿಸಿದ್ನವ್ವಾ, ಪಾಪ ಕೆಲಸ ಭಾಳ ಇರಬೇಕು ಅವಗ’ ಅಂದ್ರು. ಏನ ಹೇಳಲಿ ನಾ? ಹೌದ್ರಿ, ಭಾಳ ಅದ ಅಂದೆ.”

ಮೊದಲು ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಹೆತ್ತವಳನ್ನು ಆ ಕೋಣೆಗೆ ನೂಕಿ ತಾನು ಬೆಚ್ಚಗೆ ಮಲಗಿದ ಆ ಮನುಷ್ಯನನ್ನು ಹಿತ್ತಲಿನ ಬಂಬದಲ್ಲೇ ಮುಳುಗಿಸಬೇಕೆನಿಸಿತು. ಅವನು ಬೆಚ್ಚಗಿದ್ದ! ನಾನು ಅವನಿಗೆಂದು ಕಾಯ್ದಿಟ್ಟ ಚಳಿಯಲ್ಲಿ ಒಂದು ದಿನವೂ ಅವನು ನಡುಗಿರಲಿಲ್ಲ. ‘ಇನ್ನಷ್ಟು ಕಟಗಿ ಹಾಕಬೇಕು’ ಎಂದು ನಾನು ಹೇಳಿದ್ದು ಅವನ ಮೊಳಕಾಲನ್ನೇ ಕಾಯಿಸಿತ್ತು. ಆಮೇಲೆ ಕೆಲಸದ ಹೆಂಗಸಿಗೆ ನಾನು ಆಡಿದ ಮಾತು ನೆನಪಾಯಿತು. ನಡೆಯಲಾಗದಿದ್ದರೆ ಗಾಡಿ ಕಟ್ಟಿಕೊಂಡು ಬರಲಿ. ಊಟದ ತಾಟು ಸರಿಸಿ ಎದ್ದೆ.

ಮರುದಿನ ಬೆಳಿಗ್ಗೆ ಸಾಹುಕಾರ ಮಿಲ್ಲಿಗೆ ಹೋದದ್ದನ್ನು ನೋಡಿಕೊಂಡು ಹಿತ್ತಲ ಬಾಗಿಲಿನಿಂದ ಹೋದೆ. ಕೈಯಲ್ಲಿ ಪೈಪು ಬಿಚ್ಚುವ ಪಾನಾ, ಕಿಸೆಯಲ್ಲಿ ಹಿತ್ತಾಳೆಯ ಕಾಕ್. ಅಭ್ಯಾಸದಂತೆ ಬಂಬದಿಂದಲೇ ಪೈಪಿನ ಮೇಲೆ ಅಂಗೈ ಆಡಿಸುತ್ತ ನಡೆದೆ. ಬಿಸಿ, ಬಿಸಿ, ಚೌಕಟ್ಟಿನ ಈ ಬದಿಯಲ್ಲಿ ಕೈ ಸುಡುವಷ್ಟು ಬಿಸಿ. ಆ ಬದಿಯಲ್ಲಿ ಕಲ್ಲಿನ ಹಾಗೆ ತಂಪು.

ಮುದುಕಿ ಎರಡು ಕೌದಿ ಹೊದ್ದು ಗೋಡೆಗೆ ಒರಗಿ ಕೂತಿದ್ದಳು. ಪೂಜೆಯಲ್ಲಿದ್ದಳು. ಎಡಗೈ ಎದೆಯ ಹತ್ತಿರ ಮುಷ್ಟಿಯಾಗಿತ್ತು. ಲಿಂಗವನ್ನು ತೊಡೆಯ ಮೇಲೆ ಮಡಚಿಟ್ಟ ಒಂದು ಬಟ್ಟೆಯ ಮೇಲೆ ಇಟ್ಟುಕೊಂಡು ಬಲಗೈಯಿಂದ ಪತ್ರಿ ಏರಿಸುತ್ತಿದ್ದಳು. ಅಂಗೈಯ ಮೇಲೆ ಇರಬೇಕಾದದ್ದು ಬಟ್ಟೆಯ ಮೇಲಿತ್ತು. ನಾನು ನೋಡಿದ್ದನ್ನು ನೋಡಿ ಆಕೆ ಸೆರಗು ಎಳೆದುಕೊಂಡಳು.

“ಬಂದ್ಯೇನಪ್ಪಾ?” ಎಂದಳಷ್ಟೇ.

ಸ್ಟೂಲು ಹತ್ತಿದೆ. ಈ ಸಲ ಚೊಂಬು ಹಿಡಿದೆ. ಪ್ಲಗ್ಗಿಗೆ ಪಾನಾ ಹಚ್ಚಿ ಅರ್ಧ ಸುತ್ತು ತಿರುವಿದೆ. ಎರಡು ಚಳಿಗಾಲದ ಗಾಳಿ ಸುಸ್ಸೆಂದು ಹೊರಬಂತು, ಬರುತ್ತಲೇ ಇತ್ತು. ಆಮೇಲೆ ಚೊಂಬಿಗೆ ಕೆಂಪು ನೀರು ಉಗುಳಿತು. ಟಾಕಿಯ ನೀರು ನಿಲ್ಲಿಸಿ, ಪ್ಲಗ್ ತೆಗೆದು ಕಾಕ್ ಕೂಡಿಸಿದೆ. ನೀರು ಬಿಟ್ಟಾಗ ಪೈಪು ಒಮ್ಮೆ ಗುಡುಗುಡು ಎಂದು ಸದ್ದು ಮಾಡಿ ಸುಮ್ಮನಾಯಿತು. ಕೆಳಗಿಳಿದು ಅಂಗೈ ಇಟ್ಟೆ. ಬಿಸಿ ಬಾಗಿಲು ದಾಟಿ ಗೋಡೆಯ ಬುಡ ಹಿಡಿದು ಆಕೆಯ ಕಡೆಗೆ ಬರುತ್ತಿತ್ತು. ಅದರ ಜೊತೆಗೇ ನಾನೂ ಮೊಳಕಾಲೂರಿ ಸರಿಯುತ್ತ ಆಕೆ ಕೂತಲ್ಲಿಗೆ ಬಂದೆ. ಎಲ್ಲ ಸೇರಿ ಅರ್ಧ ತಾಸೂ ಆಗಿರಲಿಲ್ಲ.

ಆಕೆ ಮುಷ್ಟಿಯನ್ನು ಪೈಪಿನ ಮೇಲೆ ಇಟ್ಟಳು. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೂತಳು. ಹೆಬ್ಬೆರಳು ಬಿಚ್ಚಿತು. ಅದರ ಪಕ್ಕದ್ದು ಬಿಚ್ಚಿತು. ನಡುವಿನದು ಅರ್ಧ ಬಿಚ್ಚಿತು. ಉಳಿದ ಎರಡು ಬಿಚ್ಚಲಿಲ್ಲ. ಆಮೇಲೂ ಬಿಚ್ಚಲಿಲ್ಲ.

ಆಕೆ ಬಾಗಿಲ ಮೇಲಿನ ಕಾಕ್ ನೋಡಿದಳು, ನನ್ನ ಕೈಯ ಪಾನಾ ನೋಡಿದಳು.

“ಇಷ್ಟ ಇತ್ತೇನಪ್ಪಾ ಕೆಲಸ?”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಚೊಂಬು ತೆಗೆದುಕೊಂಡು ಹೊರಗೆ ಬಂದೆ.

ಸಂಜೆ ಸಾಹುಕಾರ ಹೋಟೆಲಿನ ಮುಂದೆ ನಿಂತು, ಅಫಜಲಪುರದವನ ಮೋಟಾರು ಕೊನೆಗೂ ಜೋರು ಹಿಡಿಯಿತು, ಕೆಲಸ ಬಲ್ಲವನಿಗೆ ಕೊಟ್ಟರೆ ಹೀಗೆ ಎಂದು ಎಲ್ಲರಿಗೂ ಹೇಳಿದ. ನಾನು ಬೆಂಚಿನ ಮೇಲೇ ಇದ್ದೆ. ಮೈ ಉರಿದುಹೋಯಿತು. ನಿಜ ಹೇಳಿದರೆ ಅವನು ಕಾಕನ್ನು ಮತ್ತೆ ಕಿತ್ತುಹಾಕುತ್ತಾನೆ ಎಂದು ಗೊತ್ತಿತ್ತು. ಹೇಳದಿದ್ದರೆ ತಲೆಯೆತ್ತಿ ಬಾಗಿಲ ಮೇಲೆ ನೋಡುವವನಲ್ಲ ಅವನು. ಚಹಾ ನುಂಗಿದೆ, ಮಾತನ್ನೂ ನುಂಗಿದೆ. ಅಂದಿನಿಂದ ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹಿತ್ತಲ ಬಾಗಿಲಿನಿಂದ ಹೋಗಿ, ಚೊಂಬು ಹಿಡಿದು ಗಾಳಿ ಬಿಟ್ಟು ಬರುತ್ತಿದ್ದೆ. ಕೆಲಸದ ಹೆಂಗಸು ಬಾಗಿಲು ತೆರೆಯುತ್ತಿದ್ದಳು. ಮುದುಕಿ ಮೂರು ಬೆರಳಿನ ಮೇಲೆಯೇ ಲಿಂಗ ನಿಲ್ಲಿಸಿಕೊಂಡು ಪೂಜೆ ಮಾಡುವುದನ್ನು ರೂಢಿ ಮಾಡಿಕೊಂಡಳು. ಹೀಗೆ ನಾಲ್ಕು ಚಳಿಗಾಲ ನಾನು ನನ್ನ ವೈರಿಯ ಮೋಟಾರಿಗೆ ಹೆಸರು ತಂದುಕೊಟ್ಟೆ.

ಆಕೆ ತೀರಿಕೊಂಡ ಮೇಲೆ ಹೋಗುವುದನ್ನು ಬಿಟ್ಟೆ. ಚಿಕ್ಕ ಕೋಣೆಯನ್ನು ಉಗ್ರಾಣ ಮಾಡಿ ಸಾಹುಕಾರ ತನ್ನ ದೊಡ್ಡ ಕೋಣೆಗೆ ಮರಳಿದ್ದ. ಮುಂದಿನ ಪುಷ್ಯದಲ್ಲಿ ಒಂದು ದಿನ ಮಧ್ಯಾಹ್ನ ಅವನು ಕೋಲು ಊರಿಕೊಂಡು ನನ್ನ ಅಂಗಡಿಯ ಮೂರು ಮೆಟ್ಟಿಲು ಹತ್ತಿದ. ಹೋಟೆಲಿನವನು ಚಹಾ ಸೋಸುವುದನ್ನು ನಿಲ್ಲಿಸಿ ನೋಡುತ್ತಿದ್ದ.

“ತಮ್ಮಾ, ಅವ್ವ ಹ್ವಾದ ಮ್ಯಾಲ ಆ ಕ್ವಾಣಿ ಬಿಸೀನೇ ಆಗವಲ್ದು. ಮೋಟಾರ ಬದ್ಲಿ ಮಾಡಿಸಿದೆ. ಆ ಚಳಿ ನನಗ ತಡ್ಯಾಕ ಆಗೂದಿಲ್ಲೋ. ಹಿಂದಿನದು ಬಿಟ್ಟಬಿಡು, ನಂದ ತಪ್ಪಾತು.”

ಎಷ್ಟೋ ವರ್ಷ ಕಾದ ಮಾತು. ಪಾನಾ ತೆಗೆದುಕೊಂಡು ಅವನ ಹಿಂದೆ ಹೋದೆ. ಸ್ಟೂಲು ಹತ್ತಿ, ಚೊಂಬು ಹಿಡಿದು, ಕಾಕ್ ತಿರುವಿದೆ. ಗಾಳಿ ಹೋಯಿತು, ನೀರು ಬಂತು. ಅವನು ಪೈಪಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಬಿಸಿ ತಾಗಿದೊಡನೆ ಬಾಯಿ ತೆರೆದು ನನ್ನನ್ನು ನೋಡಿದ.

“ಇಷ್ಟ ಇತ್ತೇನಲೇ ಕೆಲಸ?”

“ಇಷ್ಟ ಇತ್ರಿ,” ಎಂದೆ. “ನೀವು ಇದರ ಬಾಯಿ ಮುಚ್ಚಿಸಿದ್ರಿ. ನಾ ಗೊತ್ತಿದ್ದೂ ನನ್ನ ಬಾಯಿ ಮುಚ್ಚಿಕೊಂಡೆ. ಅದಕ್ಕ ನಿಮ್ಮವ್ವ ಎರಡ ಚಳಿಗಾಲ ಅಂಗೈ ಬಿಚ್ಚಲಾರದಾಂಗ ಈ ಕ್ವಾಣ್ಯಾಗ ಕೂತಿದ್ರು. ಲಿಂಗ ಅರಬಿ ಮ್ಯಾಲ ಇಟ್ಟು ಪೂಜಿ ಮಾಡ್ತಿದ್ರು. ನೋಡಿದ್ರೇನು ನೀವು?”

ಅವನು ನೋಡಿರಲಿಲ್ಲ. ಬಾಗಿಲು ಹಿಡಿದು ಮೆಲ್ಲಗೆ ಕುಸಿದು ಹೊಸ್ತಿಲ ಮೇಲೆಯೇ ಕೂತುಬಿಟ್ಟ, ಬೆಳಿಗ್ಗೆ ಹಚ್ಚಿದ ಕುಂಕುಮದ ಮೇಲೆ.

ನನ್ನ ಹೊಟ್ಟೆ ತಣ್ಣಗಾಯಿತೇ ಎಂದರೆ, ಆಯಿತು. ಸುಳ್ಳು ಯಾಕೆ ಹೇಳಲಿ. ಅವನು ಹಾಗೆ ಕೂತದ್ದನ್ನು ಕಣ್ತುಂಬ ನೋಡಿದೆ. ಆದರೆ ನಾನು ಅವನಿಗೆ ಒಗೆದ ಮಾತಿನಲ್ಲಿ ಅರ್ಧ ನನ್ನ ಪಾಲಿನದಿತ್ತು, ಅದು ನನ್ನ ಹತ್ತಿರವೇ ಉಳಿಯಿತು. ಹೊರಗೆ ಹೋಗಲು ಅವನು ದಾರಿಗೆ ಅಡ್ಡ ಕೂತಿದ್ದ. ಏಳಿ ಎನ್ನಲಿಲ್ಲ. ಚೊಂಬಿನ ಕೆಂಪು ನೀರು ಆರುವ ತನಕ ಪೈಪಿನ ಪಕ್ಕದಲ್ಲಿ, ಆ ಮುದುಕಿ ಕೂರುತ್ತಿದ್ದ ಜಾಗದಲ್ಲಿ ನಾನೂ ಕೂತುಕೊಂಡೆ.